ಅಚ್ಚು ಮುರಿದ ದೊಡ್ಡಮ್ಮ

ನಮ್ಮ ದೊಡ್ಡಮ್ಮನಂಥವಳು ಇನ್ನೊಬ್ಬಳು ಹುಟ್ಟಿದ್ದರೆ ಈ ಜಿಲ್ಲೆ ತಡೆದುಕೊಳ್ಳುತ್ತಿತ್ತೇ? ನನಗಂತೂ ಅನುಮಾನ! ಅಮ್ಮನ ಅಕ್ಕ ಈಕೆ, ಬೇತಮಂಗಲದಲ್ಲಿ ಹಸು ಸಾಕಿಕೊಂಡಿದ್ದಾಳೆ. ಹಸುಗಳನ್ನು ಮುದ್ದಿಸುವುದು ಕನ್ನಡದಲ್ಲಿ, ಬೈಯುವುದು ಮಾತ್ರ ತೆಲುಗಿನಲ್ಲಿ. ಯಾಕೆ ಎಂದರೆ, "ಅವಕ್ಕೆ ತೆಲುಗು ಬರಾಕಿಲ್ಲ ಕಣೇ. ಬೇಜಾರು ಮಾಡ್ಕಳಾಕಿಲ್ಲ, ನನ್ ಸಿಟ್ಟೂ ಇಳೀತದೆ!"

ಮಾರಿಕುಪ್ಪಂನಲ್ಲಿ ರೈಲು ನಿಲ್ಲುವ ಮೊದಲೇ ಜನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಒಮ್ಮೆ ದೊಡ್ಡಮ್ಮ ಮನೆಯಿಂದ ಮಣೆಯನ್ನೇ ತಂದಳು! "ಕಿತ್ತಾಡಿ ಸಾಯ್ರಿ, ನನ್ ಸೀಟು ನನ್ ಕಂಕುಳಾಗೈತೆ" ಎಂದು ನಡುದಾರಿಯಲ್ಲಿ ಕೂತಳು. ಬಂಗಾರಪೇಟೆ ಬರುವವರೆಗೆ ಎಲ್ಲರೂ ಅವಳನ್ನು ದಾಟಿಕೊಂಡೇ ಓಡಾಡಬೇಕಾಯಿತು.

ನಾನು ಬಂಗಾರಪೇಟೆಯ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಡಂ. ಒಮ್ಮೆ ಪಾಠದಲ್ಲಿ 'ಬ್ರೇಕ್ ದ ಮೋಲ್ಡ್' ಎಂಬ ನುಡಿಗಟ್ಟು ಬಂತು. "ಎಲ್ಲರೂ ಅಚ್ಚುಬೆಲ್ಲದ ಹಾಗೆ ಒಂದೇ ಥರ ಇರುವಾಗ, ಆ ಅಚ್ಚು ಮುರಿದು ಹೊಸ ದಾರಿ ಮಾಡಿದವರಿಗೆ ಹೀಗೆ ಹೇಳಬೇಕು. ಸುಮ್ಮನೆ ವಿಚಿತ್ರವಾಗಿ ಆಡುವವರಿಗಲ್ಲ" ಎಂದೆ. ಹಾಗಾದರೆ ದೊಡ್ಡಮ್ಮ ಯಾವ ಗುಂಪು? ಮಕ್ಕಳ ಮುಂದೆ ಅವಳ ಮಾತೆತ್ತುವ ಧೈರ್ಯ ಬರಲಿಲ್ಲ.

ಆ ಭಾನುವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ದೊಡ್ಡಮ್ಮನೂ ಬೇತಮಂಗಲದಿಂದ ಬಂದಿದ್ದಳು. ಹುಡುಗ ನನಗೆ ಹಿಡಿಸಿಬಿಟ್ಟ, ಮುಚ್ಚುಮರೆ ಯಾಕೆ! ಕೇಸರಿಬಾತ್ ಮುಗಿಸಿ ಅವನ ತಾಯಿ ಶುರು ಮಾಡಿದರು: "ನಮ್ಮನೇಲಿ ಬೆಳಿಗ್ಗೇನೇ ಬಿಸಿಮುದ್ದೆ ಆಗ್ಬೇಕು. ಮದ್ವೆ ಆದ್ಮೇಲೆ ಉಡುಗಿ ಕೆಲಸ ಬಿಟ್ಬಿಡ್ಲಿ."

ನನಗೆ ಹುಡುಗನೂ ಬೇಕು, ಕೆಲಸವೂ ಬೇಕು! ಅಪ್ಪ ನೆಲ ನೋಡಿದರು, ಅಮ್ಮ ಸೆರಗು ಹಿಂಡಿದಳು. ದೊಡ್ಡಮ್ಮ ಎದ್ದಳು.

"ಮುದ್ದೆ ಬೇಕಾಗಿರಾದು ಯಾರ್ಗೆ?"

"ನಮ್ ಉಡುಗಂಗೆ."

"ಅಂಗಾದ್ರೆ ಅವ್ನೇ ಮಾಡ್ಲಿ. ಬಾಪ್ಪಾ ಒಳೀಕೆ!"

ಹೆಣ್ಣು ನೋಡುವ ಶಾಸ್ತ್ರ ಹೋಗಿ ಗಂಡು ನೋಡುವ ಶಾಸ್ತ್ರವಾಯಿತು! ಒಲೆಯ ಮೇಲೆ ಎಸರು ಆಗಲೇ ಕುದಿಯುತ್ತಿತ್ತು. ಕಿಲಾಡಿ ಮೊದಲೇ ಇಟ್ಟಿದ್ದಳೋ ಏನೋ! ರಾಗಿಹಿಟ್ಟು ಸುರಿದು ಕೋಲನ್ನು ಅವನ ಕೈಗೆ ಕೊಟ್ಟಳು. ಪಾಪ, ಇಸ್ತ್ರಿ ಶರಟಿನ ಹುಡುಗ, ಬೆವರು ಸುರಿಯುತ್ತಿದ್ದರೂ ಕೋಲು ಬಿಡಲಿಲ್ಲ. ಪಾತ್ರೆ ಜಾರಿದಾಗ ನಾನೇ ಓಡಿಹೋಗಿ ಬಟ್ಟೆಯಲ್ಲಿ ಗಟ್ಟಿಯಾಗಿ ಹಿಡಿದೆ. ಇನ್ನು ಮುದ್ದೆಯೋ? ಗಂಟುಗಳ ನಡುವೆ ಮುದ್ದೆಯನ್ನು ಹುಡುಕಬೇಕಿತ್ತು!

ಅವನ ತಾಯಿ ಒಂದು ತುತ್ತು ಸಾರಿನಲ್ಲಿ ಅದ್ದಿ ನುಂಗಿದರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. "ನಾನ್ ಮೊದ್ಲು ಮಾಡಿದ್ದು ಇದ್ಕಿಂತ ಕೆಟ್ಟದಾಗಿತ್ತು ಬಿಡು!"

"ಬೆಳಿಗ್ಗೆ ಮುದ್ದೆ ನಾನ್ ತಿರುವ್ತೀನಿ ಕಣಮ್ಮ, ಅವ್ರು ಕೆಲಸಕ್ಕೆ ಓಗ್ಲಿ" ಎಂದ ಹುಡುಗ.

"ಊಂ, ನಿನ್ ಅಣೇಬರ, ತಿರುವು" ಎಂದರು ತಾಯಿ. ಗೆದ್ದೆವು! ಮರುದಿನ ತರಗತಿಯಲ್ಲಿ ಎದೆಯುಬ್ಬಿಸಿಕೊಂಡು ದೊಡ್ಡಮ್ಮನ ಉದಾಹರಣೆ ಕೊಟ್ಟೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಆದರೆ ಆ ಭಾನುವಾರ ಸಂಜೆ, ಅವಳನ್ನು ಬಸ್ಸು ಹತ್ತಿಸಲು ಹೋದಾಗ, ಅವಳ ಕೈ ಹಿಡಿದು ಕೇಳಿದ್ದೆ: "ಅಷ್ಟು ಧೈರ್ಯ ಎಲ್ಲಿಂದ ಬಂತು ದೊಡ್ಡಮ್ಮ?"

ಮಾತಿನಮಲ್ಲಿ ಸೆರಗು ಸರಿಮಾಡಿಕೊಂಡಳು.

"ನನ್ನ ನೋಡಾಕ್ ಬಂದಾಗ ನಾನೂ ಟೀಚರ್ ಟ್ರೈನಿಂಗ್ ಓದ್ತಿದ್ದೆ ಕಣೇ. ಬಿಡ್ಬೇಕು ಅಂದ್ರು, ನಮ್ಮಪ್ಪ ಊಂ ಅಂದ್ಬಿಟ್ರು. ಯಾರಾನಾ ಒಬ್ರು ಎದ್ದು ಮಾತಾಡ್ತಾರಾ ಅಂತ ಸುತ್ಲೂ ನೋಡ್ತಾನೇ ಇದ್ದೆ. ಯಾರೂ ಏಳ್ಲಿಲ್ಲ."