ಗುಂಡುಸೂಜಿ ಚುಚ್ಚಿದ ಕೊನೆಯ ಎರಡು ಅಧ್ಯಾಯಗಳು

ಓದುವ ಚಟದಲ್ಲಿ ಎರಡು ಬಗೆ. ಒಂದು ನಾಲ್ಕು ಜನರ ಮುಂದೆ ಹೇಳಿಕೊಂಡು ಮೆರೆಯುವಂಥದ್ದು, ಇನ್ನೊಂದು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡುವಂಥದ್ದು. ನನ್ನದು ಎರಡನೆಯದು. ಪುಸ್ತಕದ ಸಂಪಾದಕಿ ಎಂದ ಕೂಡಲೇ ಜನ ನಮ್ಮ ತಲೆದಿಂಬಿನ ಕೆಳಗೆ ಏನೇನೋ ಘನವಾದ ಗ್ರಂಥಗಳಿರುತ್ತವೆ ಎಂದುಕೊಳ್ಳುತ್ತಾರೆ. ಪುಸ್ತಕ ಬಿಡುಗಡೆಯ ಸಮಾರಂಭಗಳಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತ ಪ್ರಾಧ್ಯಾಪಕರು "ಸದ್ಯ ಏನು ಓದಾಕತ್ತೀರಿ?" ಎಂದು ಕೇಳಿದಾಗಲೆಲ್ಲ ನಾನು ಕನ್ನಡಕ ಒರೆಸುತ್ತ "ಏನೇನೋ ಇರ್ತಾವ್ರಿ" ಎಂದು ತೇಲಿಸಿಬಿಡುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನಾನು ಓದುವುದು ಕ್ರೈಸ್ತ ಕಾದಂಬರಿಗಳನ್ನು. ಹಿಮ ಬೀಳುವ ಒಂದು ಸಣ್ಣ ಊರು, ಮರದ ಹಲಗೆಯ ಚರ್ಚು, ಒಳಗೊಳಗೇ ಸಂಶಯ ಪಡುವ ಒಬ್ಬ ಪಾದ್ರಿ, ಎಲ್ಲಿಂದಲೋ ಬಂದ ತಬ್ಬಲಿ ಹುಡುಗಿ, ಮುನಿಸಿಕೊಂಡು ದೂರವಾದ ಒಡಹುಟ್ಟಿದವರು, ಕೊನೆಗೆ ಎಲ್ಲರಿಗೂ ಕ್ಷಮೆ. ಇಷ್ಟೇ ಕಥೆ. ಹೆಸರು ಬದಲಾಗುತ್ತದೆ, ಹಿಮ ಅದೇ. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನಿನ ಕೆಳಗೆ ಕೂತು ಆ ಹಿಮದಲ್ಲಿ ಹೂತುಹೋಗುವ ಸುಖವನ್ನು ನಾನು ಯಾವ ಪ್ರಾಧ್ಯಾಪಕರಿಗೂ ಹೇಳಿಲ್ಲ.

ಚಟ ಹತ್ತಿಸಿದ್ದು ಬಾದಾಮಿ. ಗುಹೆ ನೋಡಲು ಬರುವ ಪರದೇಶದ ಪ್ರವಾಸಿಗರು ಹೋಗುವಾಗ ಚೀಲ ಭಾರವಾಯಿತೆಂದು ಓದಿ ಮುಗಿಸಿದ ಪುಸ್ತಕಗಳನ್ನು ಲಾಡ್ಜಿನಲ್ಲೇ ಬಿಟ್ಟುಹೋಗುತ್ತಾರೆ. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಲಾಡ್ಜಿನಲ್ಲಿ ಅಂಥವಕ್ಕೆಂದೇ ಒಂದು ಕಪಾಟಿದೆ. ಯಾವುದೋ ಪುಸ್ತಕಕ್ಕೆ ಮೇಣಬಸದಿ ಗುಹೆಗಳ ಫೋಟೊ ಬೇಕೆಂದು ಹೋದವಳು ಮಳೆಗೆ ಅಲ್ಲಿ ನಿಂತೆ. ಮ್ಯಾನೇಜರ್ ಬಸಣ್ಣ "ಒಯ್ರಿ ಅಕ್ಕಾರ, ಎಷ್ಟ ಬೇಕಾದ್ರೂ ಒಯ್ರಿ. ಇಲ್ಲಿದ್ರ ಹಲ್ಲಿ ತತ್ತಿ ಇಡ್ತಾವ" ಎಂದು ಕೈತುಂಬ ಕೊಟ್ಟು ಕಳಿಸಿದ. ತಿರುಗಿ ಬರುವ ಬಸ್ಸು ಕೆರೂರು ದಾಟುವಷ್ಟರಲ್ಲಿ ತಬ್ಬಲಿ ಹುಡುಗಿ ಪಾದ್ರಿಯ ಅಡುಗೆಮನೆಗೆ ಬಂದು ಕೂತಿದ್ದಳು. ಅವಳ ಮುಂದೆ ಯಾರೋ ಬಿಸಿ ಸೂಪಿನ ಬಟ್ಟಲು ಇಟ್ಟರು. ಆಮೇಲೆ ನನಗೆ ಗೊತ್ತಾಯಿತು, ಈ ಕಾದಂಬರಿಗಳಲ್ಲಿ ಯಾರೂ ಒಬ್ಬರೇ ಕೂತು ಊಟ ಮಾಡುವುದಿಲ್ಲ. ನವನಗರದ ಸೆಕ್ಟರೊಂದರ ಬಾಡಿಗೆ ಮನೆಯಲ್ಲಿ ಒಂದೇ ತಾಟು, ಒಂದೇ ಲೋಟ ತೊಳೆದು ಬೋರಲು ಹಾಕುವ ನನಗೆ ಅದು ಸಣ್ಣ ಆಕರ್ಷಣೆಯೇನೂ ಅಲ್ಲ.

ಸುದ್ದಿ ಇಳಕಲ್ಲಿಗೆ ಮುಟ್ಟಿತು. ಅಲ್ಲಿ ಪವರ್‌ಲೂಮ್ ಇಟ್ಟಿರುವ ನನ್ನ ಅಣ್ಣ ಒಮ್ಮೆ ಬಂದವನು ಮಂಚದ ಮೇಲೆ ಶಿಲುಬೆಯ ಚಿತ್ರದ ಪುಸ್ತಕಗಳ ರಾಶಿ ನೋಡಿ ಚಹಾ ಕುಡಿಯದೆ ಕೂತ. "ಕೊರಳಾಗ ಲಿಂಗ, ಕೈಯಾಗ ಇದು! ಏನವಾ, ಜಾತಿ ಬಿಡೂ ವಿಚಾರ ಏನರ ಐತೇನು? ಇದ್ರ ಮೊದಲ ಹೇಳಿಬಿಡು" ಎಂದ. "ಇಲ್ಲೋ ಅಣ್ಣಾ, ಕತಿ ಪುಸ್ತಕ ಇವು" ಎಂದೆ. "ಕತಿ ಓದಾಕ ಕೂಡಲಸಂಗಮದ ಕಡೆ ಏನೂ ಸಿಗಲಿಲ್ಲೇನು?" ಎಂದ. ವರ್ಷವಿಡೀ ವಚನಗಳ ವಿವರಣೆ, ನಿವೃತ್ತರ ಆತ್ಮಕಥೆ, ಅಭಿನಂದನ ಗ್ರಂಥ ಇವನ್ನೇ ತಿದ್ದಿ ತಿದ್ದಿ ಕಣ್ಣು ಬಿಳುಚಿದವಳ ಕಷ್ಟ ಲುಂಗಿ ವ್ಯಾಪಾರ ಮಾಡುವವನಿಗೆ ಹೇಗೆ ತಿಳಿಯಬೇಕು? ಅಡುಗೆಯವನು ಮನೆಗೆ ಬಂದ ಮೇಲೂ ಸಾರನ್ನೇ ಕುದಿಸುತ್ತಾನೆಯೇ?

ಆದರೆ ಓದಿದ್ದನ್ನು ಯಾರ ಹತ್ತಿರವಾದರೂ ಆಡಬೇಕಲ್ಲ. ಪಾದ್ರಿಗೆ ಕೊನೆಗೂ ನಂಬಿಕೆ ಮರಳಿ ಬಂತು ಎಂಬ ಸಂತೋಷವನ್ನು ಹಾಲಿನವನಿಗೆ ಹೇಳಲಾಗುವುದಿಲ್ಲ. ಒಂದು ಭಾನುವಾರ ಧೈರ್ಯ ಮಾಡಿ ಊರಿನ ಚರ್ಚಿಗೇ ಹೋದೆ. ಆರಾಧನೆ ಮುಗಿದ ಮೇಲೆ ಅಲ್ಲಿಯ ಪಾಸ್ಟರ್ ಎರಡೂ ಕೈ ಮುಗಿದು ಎದುರಿಗೆ ಬಂದರು. ಅವರ ಮುಖದಲ್ಲಿ ಎಂಥ ಬೆಳಕು! ನಾನು ಬಂದ ಕಾರಣ ಹೇಳಿದ ಕೂಡಲೇ ಆ ಬೆಳಕು ಕರೆಂಟು ಹೋದಂತೆ ಹೋಯಿತು. "ಕಾದಂಬರೀನ್ರಿ? ನಾವು ಬೈಬಲ್ ಓದ್ತೇವ್ರಿ. ಕಾದಂಬರಿ ಯಾರೂ ಓದಂಗಿಲ್ಲ" ಎಂದರು. ನಾನು ಚಪ್ಪಲಿ ಹುಡುಕುವಾಗ ಪಾಪ ಅನ್ನಿಸಿತೋ ಏನೋ, ಹಿಂದಿನ ಬೆಂಚಿನ ಕಡೆ ಕೈ ತೋರಿಸಿದರು. "ಆ ಹುಚ್ಚು ನಮ್ಮಾಗ ಒಬ್ಬರಿಗೆ ಐತ್ರಿ. ಸಲೋಮಿ ಸಿಸ್ಟರ್. ರಿಟೈರ್ ಆದ ನರ್ಸ್."

ಹೀಗೆ ಸಲೋಮಿ ಸಿಸ್ಟರ್ ನನಗೆ ಸಿಕ್ಕರು. ನನಗಿಂತ ದೊಡ್ಡವರು, ನನ್ನಂತೆಯೇ ಒಬ್ಬರೇ. ಆಸ್ಪತ್ರೆಯಲ್ಲಿದ್ದಾಗ ಕಲಿತ ಇಂಗ್ಲಿಷಿನಲ್ಲಿ ಬೆರಳಿಟ್ಟು ನಿಧಾನವಾಗಿ ಓದುವವರು. ಆಮೇಲಿನ ಭಾನುವಾರಗಳ ಸುಖವನ್ನು ನಾನು ಹೇಗೆ ವರ್ಣಿಸಲಿ? ಚರ್ಚು ಮುಗಿಸಿ ನೇರ ನಮ್ಮ ಮನೆಗೆ ಬರುತ್ತಿದ್ದರು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ನಾನು ಎರಡನೇ ತಾಟು ಕೊಂಡೆ. ಹಿಮದ ಊರಿನವರ ಬಗ್ಗೆ ನಾವು ಓಣಿಯವರ ಬಗ್ಗೆ ಮಾತಾಡಿದಂತೆ ಮಾತಾಡುತ್ತಿದ್ದೆವು. "ಆ ಹುಡುಗಗ ನಿಮೋನಿಯಾ ಆದಾಗ ಕಿಡಕಿ ತೆಗದು ಇಟ್ಟಾಳಲ್ರಿ ಅವರವ್ವ, ಬುದ್ಧಿ ಬ್ಯಾಡ?" ಎಂದು ಸಿಸ್ಟರ್ ನಿಜವಾಗಿಯೂ ಸಿಟ್ಟಾಗುತ್ತಿದ್ದರು. ಶನಿವಾರ ರಾತ್ರಿಯೇ ನನಗೆ ಹಬ್ಬದ ಕಳೆ ಬರುತ್ತಿತ್ತು.

ಇಲ್ಲಿ ನನ್ನ ವೃತ್ತಿಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಹಸ್ತಪ್ರತಿಯ ಬೇಡವಾದ ಭಾಗವನ್ನು ಹರಿಯುವುದಿಲ್ಲ, ಗೀಟು ಹೊಡೆದು ಹೊಲಸೂ ಮಾಡುವುದಿಲ್ಲ. ಆ ಹಾಳೆಗಳನ್ನು ಒಟ್ಟಿಗೆ ಸೇರಿಸಿ ಗುಂಡುಸೂಜಿ ಚುಚ್ಚುತ್ತೇವೆ. ಲೇಖಕರು ಬಂದಾಗ "ಇದನ್ನು ಬಿಟ್ಟು ಓದಿ ನೋಡಿ" ಎನ್ನುತ್ತೇವೆ. ಮರೋಳದ ಕಡೆಯ ನಿವೃತ್ತ ಹೆಡ್‌ಮಾಸ್ತರರೊಬ್ಬರು ತಮ್ಮ ಆತ್ಮಕಥೆಯನ್ನು ತಿರುವಿ ನೋಡಿ "ಅಕ್ಕಾರ, ನಾ ಹುಟ್ಟಿದ್ದಕ್ಕ ಪಿನ್ ಹೊಡದೀರಲ್ರಿ!" ಎಂದು ಕಂಗಾಲಾಗಿದ್ದರು. ಮುತ್ತಜ್ಜನಿಂದ ಹಿಡಿದು ಎತ್ತು, ಎಮ್ಮೆಗಳವರೆಗೆ ಎಲ್ಲ ಹುಟ್ಟಿ ಮುಗಿದ ಮೇಲೆ ಅವರ ಸರದಿ ಬಂದಿತ್ತು, ನಾನೇನು ಮಾಡಲಿ? ಈ ರೋಗ ಮನೆಗೂ ಬಂದಿದೆ. ನನ್ನ ಸ್ವಂತ ಪುಸ್ತಕಗಳಲ್ಲೂ ಉಪದೇಶ ಉದ್ದವಾಯಿತು, ಮದುವೆ ಹೆಚ್ಚಾಯಿತು ಎನ್ನಿಸಿದ ಕಡೆ ಪಿನ್ನು ಚುಚ್ಚಿ, ಸುಧಾರಿಸಿದ ಕೃತಿಯನ್ನು ಕಪಾಟಿನಲ್ಲಿಡುತ್ತೇನೆ. ಬರೆದವರು ಬಂದು ಕೇಳುವ ಭಯವಿಲ್ಲ.

ಕ್ರಿಸ್‌ಮಸ್ಸಿನ ಮುಂಚೆ ಸಿಸ್ಟರಿಗೆ ಅಂಥದೊಂದು ಪುಸ್ತಕ ಕೊಟ್ಟೆ. ಹೊಳೆಯ ಈ ದಂಡೆಗೆ ಅಕ್ಕ, ಆ ದಂಡೆಗೆ ತಂಗಿ, ನಡುವೆ ವರ್ಷಗಳ ಮುನಿಸು. ಕೊನೆಗೆ ಅಕ್ಕ ಸೇಬುಹಣ್ಣಿನ ಬುಟ್ಟಿ ಹೊತ್ತು ಹಿಮದಲ್ಲಿ ನಡೆದು ತಂಗಿಯ ಮನೆಗೆ ಹೋಗಿ ಬಾಗಿಲು ಬಡಿಯುತ್ತಾಳೆ. ಯಾರೂ ತೆರೆಯುವುದಿಲ್ಲ. ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ತಿರುಗಿ ಹೊರಡುತ್ತಾಳೆ. ಆಹಾ, ಇಲ್ಲಿಗೆ ಮುಗಿಯಬೇಕಾದ ಕಾದಂಬರಿ! ಆದರೆ ಬರೆದವರಿಗೆ ಕೈ ನಿಲ್ಲಲಿಲ್ಲ. ಮುಂದಿನ ಎರಡು ಅಧ್ಯಾಯಗಳಲ್ಲಿ ಚರ್ಚಿಗೆ ಹೋಗಿದ್ದ ತಂಗಿ ಮನೆಗೆ ಬಂದು ಬುಟ್ಟಿ ನೋಡಿ, ಅಕ್ಕನ ಹೆಜ್ಜೆಗುರುತು ಹಿಡಿದು ಓಡಿಬರುತ್ತಾಳೆ. ಅಪ್ಪುಗೆ, ಅಳು, ಪಾದ್ರಿಯ ಉಪದೇಶ, ಒಂದು ಮದುವೆ. ನಾನು ಎರಡಕ್ಕೂ ಸೇರಿಸಿ ಮೇಲೆ ಕೆಳಗೆ ಭದ್ರವಾಗಿ ಪಿನ್ನು ಚುಚ್ಚಿಟ್ಟಿದ್ದೆ, ಕೊಡುವಾಗ ಅದು ನೆನಪೇ ಆಗಲಿಲ್ಲ.

ಮುಂದಿನ ಭಾನುವಾರ ಸಿಸ್ಟರ್ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದರು. ಮುಖ ಬಾಡಿತ್ತು. ಡಬ್ಬಿ ತೆಗೆದರೆ ಕರ್ಚಿಕಾಯಿ. ಅಂದು ಅವರು ಇಷ್ಟು ದಿನ ಹೇಳದಿದ್ದ ಸಂಗತಿಯನ್ನು ಹೇಳಿದರು. ಅವರಿಗೂ ಒಬ್ಬ ತಂಗಿ, ರೂತ್, ಹುನಗುಂದದಲ್ಲಿದ್ದಾಳೆ. ತಾಯಿ ತೀರಿಕೊಂಡಾಗ ಸಿಸ್ಟರ್ ಹತ್ತಿದ ಬಸ್ಸು ನಡುದಾರಿಯಲ್ಲಿ ಕೆಟ್ಟು, ಅವರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. "ಬ್ಯಾಸಗಿ ಇತ್ರಿ, ಹೆಣ ಇಡಾಕ ಆಗ್ತಿದ್ದಿಲ್ಲ. ನರ್ಸ್ ಆಗಿ ನನಗ ತಿಳಿಯೂದಿಲ್ಲೇನು? ಆದ್ರೂ ಗೋರಿ ಮುಂದ ನಿಂತು ಅಕೀಗೆ ಅನ್ನಬಾರದ್ದ ಅಂದೆ. ನಿನ್ನ ಹೊಸ್ತಿಲಾ ತುಳಿಯೂದಿಲ್ಲ ಅಂದೆ." ಆಮೇಲೆ ತುಳಿದಿರಲಿಲ್ಲ. ನಾನು ಕೊಟ್ಟ ಪುಸ್ತಕ ಓದುತ್ತ ಓದುತ್ತ ಮನಸ್ಸು ಕರಗಿ, ಈ ಕ್ರಿಸ್‌ಮಸ್ಸಿಗೆ ಹೋಗಿಯೇಬಿಡಬೇಕೆಂದು ತಂಗಿಗೆ ಇಷ್ಟವಾದ ಕರ್ಚಿಕಾಯಿ ಕರಿದಿದ್ದರು. ಕರಿದು ಮುಗಿಸಿ ಪುಸ್ತಕದ ಕೊನೆಯ ಪುಟಕ್ಕೆ ಬಂದರು.

"ಬಾಗಲಾ ತೆಗೀಲೇ ಇಲ್ಲಲ್ರಿ ಅಕಿ" ಎಂದರು ಸಿಸ್ಟರ್. "ದೇವರ ನನಗ ಮೊದಲ ತಿಳಿಸಿದಂಗ ಆತು. ಹೋಗೂದ ಬ್ಯಾಡ. ಇನ್ನ ಐತವಾರ ಹಬ್ಬ ಎಲ್ಲಾ ನಿಮ್ಮ ಜೋಡೀನ. ತಗೋರಿ, ನಾವಿಬ್ಬರ ತಿನ್ನೂಣು."

"ಕೊನೀಗೆ ಪಿನ್ನು ಹಚ್ಚಿದ್ದು ನೋಡ್ಲಿಲ್ರಿ?" ಎಂದು ಹೇಗೋ ಕೇಳಿದೆ. "ನೋಡಿದ್ನಿ. ಹಿಂದ ಬ್ಯಾರೆ ಪುಸ್ತಕದ್ದು ಜಾಹೀರಾತು ಇರ್ತಾವಲ್ರಿ, ಅವ ಅಂತ ಬಿಟ್ನಿ. ಮತ್ತ ಇನ್ನೊಬ್ಬರು ಕಟ್ಟಿದ ಪಟ್ಟಿ ಬಿಚ್ಚೂ ರೂಢಿ ನಮಗಿಲ್ಲ" ಎಂದರು. ಆಗ ನಾನು ಬಾಯಿ ಬಿಡಬೇಕಾಗಿತ್ತು. ಬಿಟ್ಟೆ, ಆದರೆ ಕರ್ಚಿಕಾಯಿ ತಿನ್ನುವುದಕ್ಕೆ. "ಐತವಾರ ಹಬ್ಬ ಎಲ್ಲಾ ನಿಮ್ಮ ಜೋಡೀನ" ಎಂಬ ಮಾತು ಕಿವಿಯಲ್ಲಿ ಕೂತಿತ್ತು. ಅಂಥ ಮಾತನ್ನು ನನಗೆ ಯಾರಾದರೂ ಅಂದದ್ದು ನೆನಪಿಲ್ಲ. ಲೋಕದ ಕ್ಷಮೆಯ ಕಥೆಗಳನ್ನೆಲ್ಲ ಓದಿ ಕಣ್ಣೀರು ಹಾಕಿದ ಹೆಂಗಸು ಇನ್ನೊಬ್ಬಳ ಪಾಲಿನ ಕರ್ಚಿಕಾಯಿ ತಿನ್ನುತ್ತ ಸುಮ್ಮನೆ ಕೂತಿದ್ದಳು. ಹೂರಣದ ಕೊಬ್ಬರಿ, ಗಸಗಸೆ ಎಲ್ಲ ಹದವಾಗಿತ್ತು. ಇನ್ನೊಂದಕ್ಕೆ ಕೈ ಹಾಕಿದೆ.

ಮರುದಿನ ಕಚೇರಿಯಲ್ಲಿ ಒಂದು ಅಭಿನಂದನ ಗ್ರಂಥದ ಮುಂದೆ ಕೂತೆ. ಒಂದು ಪುಟವೂ ಸರಿಯಲಿಲ್ಲ. ಊಟದ ಬಿಡುವಿನಲ್ಲಿ ತಲೆಯ ಮೇಲೆ ಸೆರಗು ಹಾಕಿಕೊಂಡು ಸಿಸ್ಟರ್ ಮನೆಗೆ ನಡೆದೆ. ಪುಸ್ತಕ ಅವರ ಟೇಬಲ್ಲಿನ ಮೇಲೇ ಇತ್ತು. ಏನೂ ಪೀಠಿಕೆ ಹಾಕದೆ ಪಿನ್ನು ತೆಗೆಯತೊಡಗಿದೆ. ಅವಸರಕ್ಕೆ ಹಾಳೆಯ ಮೂಲೆ ಜಗ್ಗಿತು. "ಹಗೂರಕ, ಹರದೀತು. ತರ್ರಿ ಇಲ್ಲೆ" ಎಂದು ಸಿಸ್ಟರ್ ತಾವೇ ಹೊಲಿಗೆ ಬಿಚ್ಚಿದಷ್ಟು ನಾಜೂಕಾಗಿ ತೆಗೆದರು. ನಿಂತಲ್ಲೇ ಓದತೊಡಗಿದರು. ಬೆರಳು ಸಾಲಿನಿಂದ ಸಾಲಿಗೆ ಸರಿಯುತ್ತಿತ್ತು. ಹೆಜ್ಜೆಗುರುತಿನ ಜಾಗಕ್ಕೆ ಬಂದಾಗ ಕುರ್ಚಿಯಲ್ಲಿ ಕೂತುಬಿಟ್ಟರು.

"ಇಷ್ಟ ಛಲೋ ಇದ್ದದ್ದನ್ನ ಯಾಕ ಮುಚ್ಚಿದ್ರಿ ಅಕ್ಕಾರ?" ಎಂದರು ಕಣ್ಣೊರೆಸಿಕೊಂಡು.

"ಬಾಗಲಾ ತೆಗೀದಿದ್ರ ಕಾದಂಬರಿ ಹೆಚ್ಚು ಛಲೋ ಆಗತೈತಿ ಅಂತ..."

"ಅಂದ್ರ ನೀವು ಯಾರದೂ ಬಾಗಲಾ ಬಡದು ಹೊರಗ ನಿಂತಿಲ್ಲ ಬಿಡ್ರಿ" ಎಂದರು ಸಿಸ್ಟರ್. ಸಿಟ್ಟಿನಿಂದ ಹೇಳಲಿಲ್ಲ, ರೋಗಿಗೆ ರೋಗದ ಹೆಸರು ಹೇಳಿದಂತೆ ಹೇಳಿದರು. ನನ್ನ ಬಾಗಿಲನ್ನು ನಾನೇ ತೆರೆದು ನಾನೇ ಹಾಕಿಕೊಳ್ಳುವವಳು, ಬಡಿಯುವ ಪ್ರಸಂಗ ನನಗೆಲ್ಲಿ ಬರಬೇಕು? ಅವರು ಎದ್ದು ಡಬ್ಬಿಯನ್ನು ಇಳಿಸಿ ನೋಡಿದರು. ಅರ್ಧಕ್ಕಿಂತ ಹೆಚ್ಚು ನಾವಿಬ್ಬರೂ ಖಾಲಿ ಮಾಡಿದ್ದೆವು. "ಇರಲಿ, ಮತ್ತ ಕರದರ ಆತು" ಎಂದು ಸ್ಟೋವಿನ ಕಡೆ ಹೋದರು. ನಾನು ಹಿಟ್ಟು ಲಟ್ಟಿಸಿ ಕೊಟ್ಟೆ. ಕಚೇರಿಗೆ ಹಿಂದಿರುಗಿದಾಗ ಮಾಲೀಕರು ನನ್ನ ಕೈಯ ಹಿಟ್ಟು ನೋಡಿದರು.

ಹುನಗುಂದದ ಬಸ್ಸಿಗೆ ನಾನೇ ಹತ್ತಿಸಿದೆ. "ಮುಂದಿನ ಐತವಾರಕ್ಕ ಬಂದಬಿಡ್ತೇನ್ರಿ" ಎಂದು ಕಿಟಕಿಯಿಂದ ಕೈ ಬೀಸಿದರು. ಆ ಭಾನುವಾರ ಬಂತು, ಅದರ ಮುಂದಿನದೂ ಬಂತು. ಸಿಸ್ಟರ್ ಬರಲಿಲ್ಲ, ಅವರ ಫೋನ್ ಬಂತು. ಹಿಂದಿನಿಂದ ಯಾರೋ ನಗುತ್ತಿದ್ದರು, ಎಣ್ಣೆಯ ಬಾಣಲೆಯ ಸದ್ದೂ ಕೇಳುತ್ತಿತ್ತು.

"ಅಕ್ಕಾರ, ಆರಾಮ ಅದೀರಿ? ನಾ ಬರೂದು ಇನ್ನ ಎಂದೋ ಏನೋ. ರೂತ ಬಿಡವಲ್ಲಳು. ಬಾಗಲದಾಗ ನನ್ನ ನೋಡಿದಾಕಿನ ಹಿಡಕೊಂಡು ಅತ್ತಬಿಟ್ಟಳ್ರಿ. ಮನಿ ಖಾಲಿ ಮಾಡಿ ಇಲ್ಲೇ ಬಂದಬಿಡು ಅನ್ನಾಕತ್ತಾಳ. ಆ ಪುಸ್ತಕ ಓದಿ ಅಕೀಗೆ ಕನ್ನಡದಾಗ ಹೇಳಾಕತ್ತೇನಿ."

ಭಾಳ ಸಂತೋಷ ಆತ್ರಿ ಎಂದೆ. ನಿಜಕ್ಕೂ ಆಗಿತ್ತು. ಆದರೂ ದನಿ ಎಲ್ಲೋ ಸಣ್ಣದಾಗಿರಬೇಕು. ಸಿಸ್ಟರ್ ಸಂಕೋಚದಿಂದ ಹೇಳಿದರು.

"ಇಷ್ಟು ವರ್ಷಕ್ಕ ಈಗ ಹೆಂಗ ಬಂದಿ ಅಕ್ಕಾ ಅಂತ ಕೇಳಿದಳ್ರಿ. ಎಲ್ಲಾ ಹೇಳೇನಿ. ಪುಸ್ತಕ ಓದಿದ್ದು, ಅತ್ತದ್ದು, ಬಸ್ ಹತ್ತಿದ್ದು. ನಿಮ್ಮದೊಂದ ಬಿಟ್ಟೇನ್ರಿ. ಪಿನ್ನು, ನೀವು ಬಿಸಲಾಗ ಓಡಿ ಬಂದದ್ದು, ಅದೆಲ್ಲಾ ನಡುವ ಬಂದ್ರ ಕತಿ ಉದ್ದ ಆಕ್ಕೈತಿ ಅಂತ. ಸಿಟ್ಟಾಗಬ್ಯಾಡ್ರಿ ಮತ್ತ."

ನಾನು ವೃತ್ತಿಯ ಶಿಸ್ತಿನಿಂದ ಯೋಚಿಸಿದೆ. ಅಕ್ಕ, ತಂಗಿ, ಸತ್ತ ತಾಯಿ, ತೆರೆದ ಬಾಗಿಲು. ನಡುವೆ ಬಾಗಲಕೋಟೆಯ ಯಾವಳೋ ಸಂಪಾದಕಿಗೆ ಏನು ಕೆಲಸ? "ಸಿಟ್ಟ್ಯಾಕ್ರಿ ಸಿಸ್ಟರ್. ಬಿಟ್ಟದ್ದ ಬರೋಬ್ಬರಿ ಆತು. ನಾನಾಗಿದ್ರೂ ಅದನ್ನ ತೆಗೀತಿದ್ನಿ" ಎಂದೆ. ಫೋನ್ ಇಟ್ಟ ಮೇಲೆ ಇಡೀ ಕಥೆಯನ್ನು ಮೊದಲಿನಿಂದ ಮತ್ತೊಮ್ಮೆ ನಡೆಸಿ ನೋಡಿದೆ, ಎಲ್ಲಾದರೂ ಒಂದು ಸಾಲಿನಲ್ಲಿ ನನ್ನನ್ನು ಸೇರಿಸಲು ಬರುತ್ತದೆಯೇ ಎಂದು. ಬರಲಿಲ್ಲ.