ಮಾವನ ಇಂಗ್ಲಿಷಿನ ಬಾಲಗಳು

ನನ್ನ ಸೋದರಮಾವನಿಗೆ ಹೆಂಡತಿಗಿಂತ 'ಅಪ್', 'ಆಫ್', 'ಔಟ್'ಗಳ ಮೇಲೆಯೇ ಪ್ರೀತಿ ಹೆಚ್ಚು ಅಂದರೆ ನೀವು ನಂಬುತ್ತೀರಾ? ನಂಬಲೇಬೇಕು, ಹಾಗೆ ಹೇಳಿದ್ದು ಅವರ ಹೆಂಡತಿಯೇ! (ನಾನು 'ಮಾವ' ಅಂತ ಒತ್ತಿದರೆ ಈ ಫೋನು 'ಮಾವು' ಮಾಡುತ್ತದೆ. ಇರಲಿ, ಹುಳಿ ಎರಡರಲ್ಲೂ ಉಂಟು.)

ಐವತ್ತರ ದಶಕದ ಮಾತು. ಮಾವ ಪುತ್ತೂರಿನಲ್ಲಿ ವಕೀಲರೊಬ್ಬರ ಗುಮಾಸ್ತರು. ನಾವು ಇರುವುದು ಪಂಜ ಎಂಬ ಹಳ್ಳಿಯಲ್ಲಿ. ಶನಿವಾರದ ಬಸ್ಸಿಗೆ ತಂಗಿಯ ಮನೆ ಅಂತ ನಮ್ಮಲ್ಲಿಗೆ ಬರುವರು. ಕಾಲು ತೊಳೆಯುವ ಮೊದಲೇ ಪ್ರಶ್ನೆ: 'ಪುಟ್ ಆಫ್' ಅಂದರೆ ಎಂತ? ಉತ್ತರ ಬಂದರೆ ಜೇಬಿನಿಂದ ಪೆಪ್ಪರಮಿಂಟು. ಬಾರದಿದ್ದರೆ ಆ ಪೆಪ್ಪರಮಿಂಟು ಅವರ ಬಾಯಿಗೇ ಹೋಗುವುದು, ಅದೂ ನಮ್ಮ ಕಣ್ಣೆದುರು!

ಅವರ ಸಿದ್ಧಾಂತ ಇಷ್ಟು. ಇಂಗ್ಲಿಷಿನ ಕ್ರಿಯಾಪದ ಪಾಪದ್ದು, ಹಿಂದೆ ಅಂಟಿಕೊಂಡ ಬಾಲ ಮಾತ್ರ ಪೋಕ್ರಿ. 'ಗಿವ್' ಅಂದರೆ ಕೊಡುವುದು. ಹಿಂದೆ 'ಅಪ್' ಬಂತೋ, ಬಿಟ್ಟುಬಿಡುವುದು. 'ಇನ್' ಬಂತೋ, ಸೋತು ಒಪ್ಪಿಕೊಳ್ಳುವುದು. ಕೊಡುವುದು ಎಲ್ಲಿಗೆ ಹೋಯಿತು ಅಂತ ಕೇಳಬಾರದು, ಬಾಲ ನುಂಗಿತು!

ಈ ಬಾಲಗಳನ್ನು ಅವರು ಸಂಸಾರದೊಳಗೂ ಬಿಟ್ಟಿದ್ದರು. ಒಂದು ಸಲ ಮಲಗುವ ಹೊತ್ತಿಗೆ ಅತ್ತೆಗೆ 'ಪುಟ್ ಔಟ್ ದ ಲ್ಯಾಂಪ್' ಅಂದರಂತೆ. ಪುಟ್ ಅಂದರೆ ಇಡು, ಔಟ್ ಅಂದರೆ ಹೊರಗೆ. ಅತ್ತೆ ಲೆಕ್ಕ ಹಾಕಿ ದೀಪವನ್ನು ಅಂಗಳದಲ್ಲಿ ಇಟ್ಟು ಬಂದರು. ಗಾಳಿಗೆ ಅದು ತಾನಾಗಿಯೇ ಆರಿತು. ಅತ್ತೆ ಪಾಸು!

ಇನ್ನೊಂದು ಸಲ ಪಂಜದಲ್ಲಿ ಬಸ್ಸಿನಿಂದ ಇಳಿಯುವಾಗ 'ಗೆಟ್ ಡೌನ್' ಸರಿಯೋ 'ಗೆಟ್ ಆಫ್' ಸರಿಯೋ ಅಂತ ಮೆಟ್ಟಿಲಲ್ಲಿ ನಿಂತು ಯೋಚಿಸಿದರು. ಕಂಡಕ್ಟರ್ ಕಾದು ಕಾದು, "ನೀವು ಇಳೀಲಿಕ್ಕೋ, ನೇತಾಡ್ಲಿಕ್ಕೋ ಮಾರಾಯ್ರೆ?" ಅಂತ ಕೇಳಿ ಸೀಟಿ ಊದಿಯೇ ಬಿಟ್ಟ. ಮುಂದಿನ ಸ್ಟಾಪಿನಿಂದ ಬಿಸಿಲಲ್ಲಿ ನಡೆದು ಬಂದ ಮಾವ ಬೆವರು ಒರೆಸುತ್ತಾ ತೀರ್ಪು ಕೊಟ್ಟರು, 'ಗೆಟ್ ಆಫೇ ಸರಿ' ಅಂತ.

ನಾನು ಸುಮ್ಮನಿರುವ ಜಾತಿಯಲ್ಲ. ಒಂದು ಶನಿವಾರ ನಾನೇ ಕೇಳಿದೆ: ಮಾವ, 'ಹೊಡೆದುಬಿಡು' ಅಂದರೆ ಯಾರೂ ಬಿಡುವುದಿಲ್ಲ, ಹೊಡೆಯುವುದೇ. 'ತೆಗೆದುಹಾಕು' ಅಂದರೆ ತೆಗೆಯುವುದೋ ಹಾಕುವುದೋ? ನಮ್ಮ ಕನ್ನಡಕ್ಕೂ ಬಾಲ ಉಂಟಲ್ಲ?

ಮಾವ ಬಾಯಲ್ಲಿದ್ದ ಪೆಪ್ಪರಮಿಂಟು ಕಚ್ಚುವುದನ್ನೇ ಮರೆತರು. ಆಮೇಲೆ ಪೊಟ್ಟಣವನ್ನು ಹಾಗೆಯೇ ನನ್ನ ಕೈಗೆ ಕೊಟ್ಟು, ಅಪ್ಪನ ಹತ್ತಿರ ಹೋಗಿ ಹೇಳಿದರು, ಇವಳ ಎಂಟನೇ ಕ್ಲಾಸು ಮುಗಿದ ಕೂಡಲೇ ಪುತ್ತೂರಿನ ಹೈಸ್ಕೂಲಿಗೆ ಸೇರಿಸುವುದು, ನಮ್ಮ ಮನೆಯಲ್ಲೇ ಇರಲಿ. ಕೊನೆಗೆ ಎದೆಯ ಮೇಲೆ ಕೈಯಿಟ್ಟು, "ಐ ವಿಲ್ ಲುಕ್ ಆಫ್ಟರ್ ಹರ್!" ಅಂದರು.

ಅಪ್ಪನಿಗೆ ಇಂಗ್ಲಿಷ್ ಬಾರದು. ಎಂತ ಹೇಳಿದ್ದು ಅಂತ ನನ್ನ ಮುಖ ನೋಡಿದರು.

"ಲುಕ್ ಅಂದ್ರೆ ನೋಡುವ, ಆಫ್ಟರ್ ಅಂದ್ರೆ ಮತ್ತೆ," ಅಂದೆ ನಾನು. "ಮತ್ತೆ ನೋಡುವ ಅಂತ ಹೇಳ್ತಿದ್ದಾರೆ."

ಮಾವ ಹೇಳಿದ್ದು ನೋಡಿಕೊಳ್ಳುತ್ತೇನೆ ಅಂತ. ನಮ್ಮ ಕಡೆ 'ಮತ್ತೆ ನೋಡುವ' ಅಂದರೆ ಆ ಕೆಲಸ ಈ ಜನ್ಮದಲ್ಲಿ ಆಗುವುದಿಲ್ಲ ಅಂತಲೇ ಅರ್ಥ. ಎಲ್ಲರೂ ನಕ್ಕರು. ಮಾವನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಎಂಟನೇ ಕ್ಲಾಸು ಪಾಸಾಯಿತು. ಟ್ರಂಕು ಹಿಡಿದು ಪುತ್ತೂರಿಗೆ ಹೋದೆ. ಅಲ್ಲಿ ಜಗಲಿಯಲ್ಲಿ ಮಾವನ ಅಮ್ಮ, ನನ್ನ ಅಜ್ಜಿ, ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಟ್ರಂಕು ನೋಡಿದರು, ನನ್ನನ್ನು ನೋಡಿದರು. "ಪ್ರಾಯಕ್ಕೆ ಬಂದ ಹುಡುಗಿ ಪುಸ್ತಕ ಹಿಡ್ಕೊಂಡು ಪೇಟೆಯಲ್ಲಿ ತಿರುಗುದು ಬೇಡ. ನನ್ನ ಮನೆಯಿಂದ ಬೇಡ," ಅಂದರು. ದನಿ ಸಹ ಏರಿಸಲಿಲ್ಲ.

ನಾನು ಮಾವನ ಬಾಯಿಯನ್ನೇ ನೋಡುತ್ತಾ ನಿಂತೆ. ವಕೀಲರ ಇಂಗ್ಲಿಷನ್ನೇ ತಿದ್ದುತ್ತಿದ್ದ ಬಾಯಿ ಅದು! ಮಾವ ಗಂಟಲು ಸರಿ ಮಾಡಿಕೊಂಡರು. ಇನ್ನೊಮ್ಮೆ ಸರಿ ಮಾಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲನೆ, "ಮತ್ತೆ ನೋಡುವ," ಅಂದರು.

ಈ ಸಲ ಯಾರೂ ನಗಲಿಲ್ಲ.

ಮರುವರ್ಷ ನನ್ನ ತಮ್ಮ ಅದೇ ಜಗಲಿ ಹತ್ತಿ, ಅದೇ ಅಜ್ಜಿಯ ಕೈಯ ಊಟ ಉಂಡು ಹೈಸ್ಕೂಲಿಗೆ ಹೋದ. ಪೇಟೆಯಲ್ಲಿ ಬೇಕಾದಷ್ಟು ತಿರುಗಿದ. ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದ. ನಾನು ಪಂಜದಲ್ಲಿ ಕುಳಿತು ಹಪ್ಪಳ ಒತ್ತಿದೆ. ಒತ್ತಿದ ಹಪ್ಪಳ ಪುತ್ತೂರಿಗೆ ಹೋಗುತ್ತಿತ್ತು. ಹಪ್ಪಳಕ್ಕೆ ಪ್ರಾಯದ ತೊಂದರೆ ಇಲ್ಲ ನೋಡಿ!

ಮಾವ ಶನಿವಾರ ಬರುವುದನ್ನು ನಿಲ್ಲಿಸಲಿಲ್ಲ, ಕೇಳುವುದನ್ನೂ ನಿಲ್ಲಿಸಲಿಲ್ಲ. 'ಟರ್ನ್ ಡೌನ್' ಅಂದರೆ ಎಂತ? ಗೊತ್ತಿಲ್ಲ. 'ಲೆಟ್ ಡೌನ್'? ಗೊತ್ತಿಲ್ಲ. ಒಂದು ಬೇಡ ಅನ್ನುವುದು, ಇನ್ನೊಂದು ನಂಬಿದವರ ಕೈಬಿಡುವುದು, ನನಗೆ ಎಲ್ಲವೂ ಗೊತ್ತಿತ್ತು. ಅದು ಮಾವನಿಗೂ ಗೊತ್ತಿತ್ತು. ಪೆಪ್ಪರಮಿಂಟನ್ನು ಅವರೂ ತಿನ್ನದೆ ಕಿಟಕಿಯ ಮೇಲಿಟ್ಟು ಹೋಗುವರು. ಇರುವೆಗಳಿಗೆ ಹಬ್ಬ!

ಹದಿನಾರು ತುಂಬಿದಾಗ ಮದುವೆ ನಿಶ್ಚಯವಾಯಿತು. ಗಂಡು ಹುಡುಕಿದ್ದು ಅಜ್ಜಿ. ಬೇಕೋ ಬೇಡವೋ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಬಾಳೆಹಣ್ಣನ್ನು ಕೇಳಿ ಸುಲಿಯುತ್ತಾರಾ?

ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಎತ್ತಿಕೊಂಡು ಹೋಗುವುದು ಸೋದರಮಾವ. ಮಾವನೋ, ಕೊಡೆ ಬಿಡಿಸಿದರೆ ಗಾಳಿಗೆ ಹಾರಿ ಹೋಗುವ ಜನ. ನಾನು ಆಗಲೇ ದಪ್ಪ, ಮೇಲಿಂದ ಸೀರೆ, ಚಿನ್ನ. ಎತ್ತಿಕೊಂಡರು. ಈಗಲೂ ಏನಾದರೂ ಬಾಲ ಕೇಳಿದರೆ 'ಗೊತ್ತಿಲ್ಲ' ಅನ್ನುವುದು ಅಂತ ನಾನು ಹಲ್ಲು ಕಚ್ಚಿ ತಯಾರಾಗಿದ್ದೆ.

ಬಾಗಿಲು ದಾಟಿ ಮಾವ ನಿಂತರು. ವಾದ್ಯದವರು ಮುಂದೆ ಹೋದರು. ಎದುರಿಗೆ ಆರತಿ ಹಿಡಿದು ಅಜ್ಜಿ. ಅಜ್ಜಿಯನ್ನೇ ನೋಡುತ್ತಾ, ತುಟಿ ಅಲುಗಿಸದೆ, ನನ್ನ ಕಿವಿಗೆ ಮಾತ್ರ ಕೇಳುವ ಹಾಗೆ ಹೇಳಿದರು:

"ನಿನಗೆ ಬೇಡಾಂತಾದ್ರೆ ಈಗ ಹೇಳು ಮಗಳೇ. ನಾನು ನಿನ್ನನ್ನು ಹೀಗೇ ಪುತ್ತೂರಿಗೆ ಕರ್ಕೊಂಡು ಹೋಗ್ತೇನೆ."

ತಮಾಷೆ ಅಂದುಕೊಂಡೆ. ಮುಖ ನೋಡಿದೆ. ತಮಾಷೆಯಲ್ಲ. ಕುತ್ತಿಗೆಯ ನರ ಉಬ್ಬಿತ್ತು. ಹ್ಞೂಂ ಅಂದಿದ್ದರೆ ಅಷ್ಟು ಜನರ ನಡುವೆ, ಅವರ ಅಮ್ಮನ ಪಕ್ಕದಲ್ಲೇ, ಹೊರಟೇ ಬಿಡುತ್ತಿದ್ದರು.

"ತುಂಬ ದೂರ ಉಂಟು ಮಾವ," ಅಂದೆ. "ನಿಮಗೆ ಸೊಂಟ ನೋಯ್ತದೆ. ನಡೀರಿ."

ಆದರೂ ಮಾವ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.