ಸ್ಟ್ಯಾನಿಸ್ಲಾಸರ ನಿದ್ದೆಯ ವಲಯ

ಹಲಸಿನಕಟ್ಟೆಯ ಸ್ಟ್ಯಾನಿಸ್ಲಾಸರಿಗೆ ದೇವರಲ್ಲಿ ಎಷ್ಟು ಭಕ್ತಿಯೋ ಮಧ್ಯಾಹ್ನದ ನಿದ್ದೆಯಲ್ಲೂ ಅಷ್ಟೇ. ಪ್ರಾಯವೆಲ್ಲ ಕುವೈತಿನ ರಾತ್ರಿಪಾಳಿಯಲ್ಲಿ ಕಳೆದ ಮನುಷ್ಯ, ಕಲ್ಯಾಣಪುರದಿಂದ ಆಚೆ ಈ ಊರಲ್ಲಿ ಮನೆ ಕಟ್ಟಿಸಿದ್ದೇ ಮಲಗುವುದಕ್ಕೆ. ಜಾಗವೂ ಹೇಳಿ ಮಾಡಿಸಿದ ಹಾಗಿತ್ತು. ಕಟ್ಟೆಯ ಬುಡದಲ್ಲಿರುವ ನಾಲ್ಕು ಅಂಗಡಿಗಳು ಊಟದ ಹೊತ್ತಿಗೆ ಶಟರ್ ಎಳೆದರೆ ಮತ್ತೆ ತೆಗೆಯುವುದು ಸಂಜೆ ಚಾದ ಹೊತ್ತಿಗೆ. ಅಲ್ಲಿಯವರೆಗೆ ಬೀದಿನಾಯಿ ಕೂಡ ಬೊಗಳುವುದಿಲ್ಲ. ಅದಕ್ಕೂ ನಿದ್ದೆ.

ಆ ದಿನವೂ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಹೊಟ್ಟೆಗೆ ಸೇರಿ, ಫ್ಯಾನಿನ ಕೆಳಗೆ ಕಾಲು ಚಾಚಿದ್ದರಷ್ಟೆ. ಎದುರು ಮನೆಯ ಕಾನ್ಸೆಪ್ಟಾ ಬಾಯಿ ಗೇಟು ದೂಡಿಕೊಂಡು ಬಂದರು. ಊರಿನ ಸುದ್ದಿ ಪೇಪರಿಗಿಂತ ಮೊದಲು ಸಿಗುವುದು ಅವರಿಗೆ.

“ಮಲಗು ಸ್ಟ್ಯಾನಿ, ಮಲಗು. ಇವತ್ತೊಂದು ದಿನ ಮಲಗು.”

“ಯಾಕೆ, ನಾಳೆ ಎಂತ ಆಗ್ತದೆ?”

“ನಮ್ಮ ರಸ್ತೆಯನ್ನು ವಾಣಿಜ್ಯ ವಲಯ ಮಾಡ್ತಾರಂತೆ. ಈಗ ಕಟ್ಟೆಯ ಅಂಗಡಿ ಬಿಟ್ಟರೆ ಇಲ್ಲಿ ವಾಸದ ಮನೆ ಮಾತ್ರ ಅಲ್ವಾ? ಇನ್ನು ಯಾರು ಬೇಕಾದರೂ ಅಂಗಡಿ ಹಾಕಬಹುದು, ಕಾಂಪ್ಲೆಕ್ಸ್ ಕಟ್ಟಬಹುದು. ಜನರ ಅಭಿಪ್ರಾಯ ಕೇಳಲಿಕ್ಕೆ ಇನ್ನು ಸ್ವಲ್ಪ ಹೊತ್ತಿನಲ್ಲಿ ನಗರ ಯೋಜನೆ ಕಚೇರಿಯ ಮೇಡಂ ಬರ್ತಾರೆ.”

ಸ್ಟ್ಯಾನಿಸ್ಲಾಸರು ಎದ್ದು ಕೂತರು. ಕಿಟಕಿಯ ಪಕ್ಕ ಮೊಬೈಲ್ ಅಂಗಡಿ, ಅದರ ಎದುರು ಸ್ಪೀಕರ್, ಅದರೊಳಗೆ ಆಫರ್ ಕೂಗುವ ಹುಡುಗಿ, ಎಲ್ಲ ಕಣ್ಣೆದುರು ಬಂತು. ಅಡುಗೆ ಮನೆಯಿಂದ ಹೆಂಡತಿ ಇಮೆಲ್ಡಾ ಬಾಯಿ ಮಾತ್ರ ಸೌಟು ಹಿಡಿದುಕೊಂಡೇ ಓಡಿ ಬಂದರು.

“ಒಳ್ಳೆದೇ ಆಯ್ತಲ್ಲ! ನಮ್ಮ ಕಾರಿನ ಶೆಡ್ ಖಾಲಿ ಉಂಟು. ಚಾ, ಗೋಳಿಬಜೆಯ ಅಂಗಡಿ ಹಾಕ್ತೇನೆ. ಎಷ್ಟು ವರ್ಷದಿಂದ ಹೇಳ್ತಾ ಇದ್ದೇನೆ ನಿಮಗೆ!”

“ನನ್ನ ದಿಂಬಿನ ಹತ್ತಿರ ಗೋಳಿಬಜೆ ಅಂಗಡಿಯಾ? ನಾನು ಬದುಕಿರುವಾಗ ಆಗುವ ಮಾತಲ್ಲ!”

ಇಮೆಲ್ಡಾ ಬಾಯಿಯ ಮುಖ ಸಪ್ಪಗಾಯಿತು. ಸ್ಟ್ಯಾನಿಸ್ಲಾಸರು ಅದನ್ನು ನೋಡಲಿಲ್ಲ. ಅವರಾಗಲೇ ವಿರೋಧಕ್ಕೆ ಜನ ಸೇರಿಸಲು ಊರಿಗೆಲ್ಲ ಫೋನ್ ಮಾಡುತ್ತಾ ಕೂತಿದ್ದರು. ಅರ್ಧ ಜನ ಎತ್ತಲಿಲ್ಲ, ಎತ್ತಿದವರು ಆಕಳಿಸಿದರು. ಆ ಹೊತ್ತಿನಲ್ಲಿ ಮಲಗಿದವರನ್ನು ಎಬ್ಬಿಸುವುದು ಎಷ್ಟು ದೊಡ್ಡ ಪಾಪವೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಫೋನಿಗೆ ಯಾರು ಏಳ್ತಾರೆ ಮಾರಾಯ?” ಎಂದರು ಕಾನ್ಸೆಪ್ಟಾ ಬಾಯಿ. “ಇಗರ್ಜಿಯ ಗಂಟೆಗೂ ಏಳುವುದಿಲ್ಲ. ಬಾವನ ಹಾರ್ನಿಗೆ ಮಾತ್ರ ಏಳ್ತಾರೆ.”

ಸ್ಕೂಟರಿನಲ್ಲಿ ಮನೆಮನೆಗೆ ಮೀನು ತರುವ ಬ್ಯಾರಿಯನ್ನು ಊರೆಲ್ಲ ಕರೆಯುವುದೇ ಬಾವ ಎಂದು. ಅವನು ಪೋಂ ಪೋಂ ಎಂದರೆ ಸಾಕು, ಸ್ನಾನಕ್ಕೆ ಹೋದವರೂ ಓಡಿ ಬರುತ್ತಾರೆ. ಸ್ಟ್ಯಾನಿಸ್ಲಾಸರು ಬಾವನಿಗೆ ಫೋನ್ ಮಾಡಿ, “ಊರಿನ ಮಾನದ ಪ್ರಶ್ನೆ ಬಾವ, ನನ್ನ ಗೇಟಿನ ಹತ್ತಿರ ಬಂದು ಒಂದು ಸಲ ಹಾರ್ನ್ ಮಾಡು” ಎಂದರು. ಹೆಂಡತಿಗೆ, “ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಲಿಕ್ಕಾಗ್ತದಾ? ಸ್ವಲ್ಪ ಗೋಳಿಬಜೆ ಕರಿ” ಎಂದರು.

“ಅಂಗಡಿ ಬೇಡ, ಬಜೆ ಮಾತ್ರ ಬೇಕು ಇವರಿಗೆ,” ಎಂದು ಇಮೆಲ್ಡಾ ಬಾಯಿ ಕಾರಿನ ಶೆಡ್ಡಿನಲ್ಲೇ ಒಲೆ ಇಟ್ಟು ಬಾಣಲೆಯನ್ನು ಕುಕ್ಕಿದರು.

ಬಾವ ಬಂದ. ಹಾರ್ನ್ ಮಾಡಿದ. ರಸ್ತೆಯ ಎರಡೂ ಕಡೆ ಬಾಗಿಲುಗಳು ತೆರೆದುಕೊಂಡವು. ಸ್ಟ್ಯಾನಿಸ್ಲಾಸರ ಮುಖ ಅರಳಿತು. ಆದರೆ ಬಂದವರೆಲ್ಲರ ಕೈಯಲ್ಲಿ ಪಾತ್ರೆ ಇತ್ತು.

“ಎಂತ ಮೀನು ಬಾವ?”

“ಮೀನಲ್ಲ, ಮೀಟಿಂಗ್,” ಎಂದ ಬಾವ.

“ಮಲಗಿದವರನ್ನು ಎಬ್ಬಿಸಿ ಮೀಟಿಂಗಾ? ನಿನಗೆ ಮರ್ಲಾ, ಹುಚ್ಚಾ?” ಎಂದು ಹೆಂಗಸರು ಪಾತ್ರೆ ಎತ್ತಿದರು. ಬಾವನಿಗೆ ಜೀವದ ಮೇಲೆ ಆಸೆ ಇತ್ತು. ಮಲ್ಪೆಯಿಂದ ಆಗಷ್ಟೇ ತಂದ ಬೂತಾಯಿ ಮೀನಿನ ಪೆಟ್ಟಿಗೆಯನ್ನು ತೆರೆದೇಬಿಟ್ಟ. ಜನ ಮುತ್ತಿದ್ದನ್ನು ಕಂಡು ದಾರಿಯಲ್ಲಿ ಹೋಗುತ್ತಿದ್ದ ಐಸ್‌ಕ್ರೀಂ ಗಾಡಿಯವನು ನಿಂತ. ಬಾವನ ಹೆಂಡತಿ ಖತೀಜಾ, ಗಂಡ ಹೇಗೂ ಅಲ್ಲೇ ಇದ್ದಾನೆಂದು ಅಕ್ಕಿ, ಬೆಲ್ಲದ ಬಿಸಿ ಕಲ್ತಪ್ಪದ ಬುಟ್ಟಿ ಹೊತ್ತು ತಂದಳು. ಕಾನ್ಸೆಪ್ಟಾ ಬಾಯಿ ಸಂಜೆಗೆಂದು ಕಟ್ಟಿಟ್ಟ ಮಲ್ಲಿಗೆಯನ್ನು ತಂದು ಸ್ಟ್ಯಾನಿಸ್ಲಾಸರ ಕಂಪೌಂಡಿನ ಮೇಲೇ ಹರಡಿದರು.

“ಬಾಯಿ, ನೀವೂನಾ?”

“ಸುಮ್ಮನೆ ನಿಲ್ಲುವ ಬದಲು ನಾಲ್ಕು ಚೆಂಡು ಮಲ್ಲಿಗೆ ಮಾರಿ ಹೋದರೆ ಹೋಗಲಿ ಸ್ಟ್ಯಾನಿ. ಘೋಷಣೆ ಕೂಗುವಾಗ ಹೇಳು, ಕೂಗ್ತೇನೆ.”

ಮೇಡಮಿನ ಜೀಪು ಜನರ ನಡುವೆ ದಾರಿ ಸಿಗದೆ ದೂರದಲ್ಲೇ ನಿಂತಿತು. ಅವರು ಇಳಿದು, ಗುಂಪನ್ನು ಸರಿಸಿಕೊಂಡು ಬಂದು, ಬೆವರು ಒರೆಸುತ್ತಿದ್ದ ಸ್ಟ್ಯಾನಿಸ್ಲಾಸರನ್ನು ಕೇಳಿದರು:

“ಇಲ್ಲಿ ಸಂತೆ ಯಾವ ವಾರ?”

“ಸಂತೆಯಲ್ಲ ಮೇಡಂ! ಇದು ಸಂತೆ ಬೇಡ ಅಂತ ಹೇಳುವ ಸಭೆ!”

ಮೇಡಂ ಸುತ್ತಲೂ ನೋಡಿದರು. ಒಂದು ಮೊಳ ಮಲ್ಲಿಗೆ ಮುಡಿದರು. ಬೂತಾಯಿ ಕಟ್ಟಿಸಿಕೊಂಡರು. ಆಮೇಲೆ ಶೆಡ್ಡಿನ ಬಾಗಿಲಲ್ಲಿ ನಿಂತು ಗೋಳಿಬಜೆ ಬಾಯಿಗಿಟ್ಟು ಕಣ್ಣು ಮುಚ್ಚಿದರು. “ಅಮ್ಮ, ಇದು ದಿನಾ ಸಿಗ್ತದಾ?”

ಇಮೆಲ್ಡಾ ಬಾಯಿ ನಕ್ಕರು. ಮೂಗಿನ ಮೇಲೆ ಮೈದಾ, ಹಣೆಯಲ್ಲಿ ಬೆವರು, ಕೈ ನಿಲ್ಲುತ್ತಿರಲಿಲ್ಲ. ಮಕ್ಕಳು “ಆಂಟಿ ನನಗೆ, ಆಂಟಿ ನನಗೆ” ಎಂದು ಮುಗಿಬಿದ್ದಿದ್ದರು. ಹೆಂಡತಿ ಹೀಗೆ ನಕ್ಕದ್ದನ್ನು ಸ್ಟ್ಯಾನಿಸ್ಲಾಸರು ಯಾವಾಗ ನೋಡಿದ್ದರೋ ನೆನಪಾಗಲಿಲ್ಲ. ಅವರಿಗೆ ತನ್ನ ಮೇಲೇ ನಾಚಿಕೆಯಾಯಿತು. ಹತ್ತಿರ ಹೋಗಿ ಮೆಲ್ಲಗೆ ಹೇಳಿದರು: “ಇಮೆಲ್ಡಾ, ನಿದ್ದೆ ಹಾಳಾಗಲಿ. ಶೆಡ್ ನಿನಗೇ. ನಾನೇ ಬಣ್ಣ ಹೊಡೆಸ್ತೇನೆ.”

“ನಿಜವಾ?”

“ದೇವರಾಣೆ. ಈಗಲೇ ಮೇಡಂಗೆ ಹೇಳಿ ಬರ್ತೇನೆ.”

ಅವರು ತಿರುಗುವಷ್ಟರಲ್ಲಿ ಬಾವ ಸ್ಕೂಟರಿನ ಫುಟ್‌ಬೋರ್ಡ್ ಹತ್ತಿ ನಿಂತಿದ್ದ.

“ಮೇಡಂ, ಅಂಗಡಿ ಬರಲಿ, ನಮಗೆಲ್ಲ ಸಂತೋಷ. ಆದರೆ ನಮ್ಮ ಸ್ಟ್ಯಾನಿ ಪೊರ್ಬುಗಳು ಪಾಪ, ನಿದ್ದೆಗೋಸ್ಕರ ಬದುಕಿದ ಜನ. ನಮ್ಮನ್ನೆಲ್ಲ ಸೇರಿಸಿದ್ದೂ ಅವರೇ. ಅವರ ಮನೆಯೊಂದನ್ನು ಬಿಟ್ಟುಬಿಡಿ. ಅಲ್ಲಿ ಅಂಗಡಿಯ ಸುದ್ದಿಯೇ ಬೇಡ!”

“ಹೌದು, ಬಿಟ್ಟುಬಿಡಿ!” ಎಂದು ಇಡೀ ರಸ್ತೆ ಒಂದೇ ಸ್ವರದಲ್ಲಿ ಕೂಗಿತು. ಕಾನ್ಸೆಪ್ಟಾ ಬಾಯಿ ಮಾತು ಕೊಟ್ಟಂತೆ ಎಲ್ಲರಿಗಿಂತ ಜೋರಾಗಿ ಕೂಗಿದರು.

ಮೇಡಮಿನ ಕಣ್ಣು ಒದ್ದೆಯಾಯಿತು. “ಇಂಥ ನೆರೆಕರೆಯನ್ನು ನಾನು ಎಲ್ಲೂ ನೋಡಿಲ್ಲ. ರಸ್ತೆ ಪೂರ್ತಿ ವಾಣಿಜ್ಯ, ಇವರ ಮನೆ, ಶೆಡ್ ಮಾತ್ರ ವಾಸಕ್ಕೆ. ಹಾಗೆಂದೇ ಶಿಫಾರಸು ಮಾಡ್ತೇನೆ.”

“ಮೇಡಂ, ಒಂದು ನಿಮಿಷ—”

“ಉಪಕಾರ ಹೇಳುವುದೆಲ್ಲ ಬೇಡ ಅಂಕಲ್,” ಎಂದು ಮೇಡಂ ಅವರ ಕೈ ಕುಲುಕಿದರು. ಚಪ್ಪಾಳೆಯಲ್ಲಿ ಉಳಿದ ಮಾತು ಮುಳುಗಿತು. ಕಾನ್ಸೆಪ್ಟಾ ಬಾಯಿ ಉಳಿದ ಮಲ್ಲಿಗೆಯನ್ನೆಲ್ಲ ಸ್ಟ್ಯಾನಿಸ್ಲಾಸರ ಕೊರಳಿಗೆ ಹಾಕಿ, ಇಮೆಲ್ಡಾ ಬಾಯಿಯ ಕಡೆ ತಿರುಗಿದರು: “ನೀನು ಬೇಜಾರು ಮಾಡಬೇಡ. ನನ್ನ ಶೆಡ್ ಉಂಟಲ್ಲ, ಎದುರಲ್ಲೇ. ನಾಳೆಯೇ ಒಲೆ ಇಡು.”

ಮರುದಿನ ಮಧ್ಯಾಹ್ನ ಊರವರು ಹೋರಾಡಿ ಉಳಿಸಿಕೊಟ್ಟ ಮನೆಯಲ್ಲಿ ಸ್ಟ್ಯಾನಿಸ್ಲಾಸರು ದಿಂಬಿಗೆ ತಲೆ ಕೊಟ್ಟರು. ಕಣ್ಣಿಗೆ ನಿದ್ದೆ ಹತ್ತುತ್ತಿತ್ತು. ಕಿಟಕಿಯ ಬುಡದಲ್ಲಿ ಪೋಂ ಪೋಂ ಎಂದಿತು, ಪಾತ್ರೆಗಳು ಕಣಕಣ ಅಂದವು. ಅಷ್ಟರಲ್ಲಿ ಬಾವ ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಕೂಗಿದ:

“ಶ್‌ಶ್! ಯಾರೂ ಗಲಾಟೆ ಮಾಡಬೇಡಿ! ಪೊರ್ಬುಗಳು ಮಲಗಿದ್ದಾರೆ!”

“ಮಲಗಿದ್ದಾರಂತೆ! ಮಲಗಿದ್ದಾರಂತೆ!” ಎಂದು ಸುದ್ದಿ ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಬೊಬ್ಬೆ ಹೊಡೆಯುತ್ತಾ ಹೋಯಿತು. ಕೊನೆಗೆ ಅದು ಎದುರಿನ ಶೆಡ್ಡಿಗೆ ಮುಟ್ಟಿತು. ಅಲ್ಲಿಂದ ಇಮೆಲ್ಡಾ ಬಾಯಿಯ ಸ್ವರ ಬಂತು.

“ಮಲಗಿದ್ದು ಸಾಕು, ಬನ್ನಿ! ಹಿಟ್ಟು ಖಾಲಿಯಾಗಿದೆ, ಇನ್ನೊಂದು ಪಾತ್ರೆ ಹೊತ್ತು ತನ್ನಿ!”